ಹಿರಿಯರ ಎಡೆ

ರಜೆಗೆಂದು ಊರಿಗೆ ಬಂದ ಸಿಪಾಯಿ ಬರ್ಮಾದ ಯುದ್ಧಕ್ಕೆ ಮರಳಲೇ ಇಲ್ಲ. ಅವನನ್ನು ಹುಡುಕಿಕೊಂಡು ಇನ್‌ಸ್ಪೆಕ್ಟರು ಮನೆಗೆ ಬಂದದ್ದು ಮಹಾಲಯ ಅಮಾವಾಸ್ಯೆಯ ಮಧ್ಯಾಹ್ನ.

“ನಾನೇ ರೈಲು ಹತ್ತಿಸ್ದೆ ಸ್ವಾಮಿ,” ಎಂದ ಸಿಪಾಯಿಯ ಅಣ್ಣ. “ಗುಂಡಿಗೆ ಹೆದರ್ಕೊಂಡು ಎಲ್ಲೋ ಇಳ್ದವ್ನೆ. ಇವತ್ತಲ್ಲ ನಾಳೆ ಬತ್ತಾನೆ.”

ಪಡಸಾಲೆಯ ಗೋಡೆಯ ಬುಡದಲ್ಲಿ, ಬಾಳೆಲೆಗಳ ಮೇಲೆ, ಸತ್ತ ಹಿರಿಯರಿಗೆ ಎಡೆ ಇಟ್ಟಿತ್ತು. ಇನ್‌ಸ್ಪೆಕ್ಟರು ಬಗ್ಗಿ ನೋಡಿದರು.

“ಯಾರ್‍ಯಾರಿಗೆ ಇಟ್ಟಿದ್ದೀಯ?”

“ಅಪ್ಪಂಗೆ ನಶ್ಯ, ಅವ್ವಂಗೆ ಎಲೆಅಡಿಕೆ. ಬದುಕಿದ್ದಾಗ ಇಷ್ಟಪಟ್ಟಿದ್ದನ್ನೇ ಇಡ್ಬೇಕು ಸ್ವಾಮಿ. ಇಡ್ದಿದ್ರೆ ಸುಮ್ನೆ ಬಿಡಕ್ಕಿಲ್ಲ, ಬಂದು ಕಾಡ್ತಾರೆ.”

“ಸರಿ,” ಎಂದು ಇನ್‌ಸ್ಪೆಕ್ಟರು ಕೊನೆಯ ಎಲೆಯ ಮುಂದೆ ಕುಕ್ಕರಗಾಲಲ್ಲಿ ಕೂತರು. “ಈ ಮಿಲಿಟರಿ ಸಿಗರೇಟು ಯಾರಿಗಯ್ಯಾ?”