ಮೇಜುಬಟ್ಟೆಯ ಇನ್ನೊಂದು ತುದಿ

"ಆ ಮೌನ ಇವತ್ತಿಂದ ಇಲ್ಲ," ಎನ್ನುತ್ತ ನಿರ್ದೇಶಕಿ ಥಿಯಾ ನಾಟಕದ ಪ್ರತಿಯ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆಯಲು ಹೊರಟಳು. "ನಿನ್ನೆ ಮೊನ್ನೆ ಎರಡು ಆಟದಲ್ಲೂ ಜನ ಅಲ್ಲೇ ಕೆಮ್ಮೋಕೆ ಶುರು ಮಾಡಿದ್ರು. ಆರು ಜನ ಎದ್ದೇ ಹೋದ್ರು. ನಾಳೆ ಪತ್ರಿಕೆಯವರು ಬರ್ತಾರೆ. ಸಾಕು."

ತಾಯಿಯ ಪಾತ್ರದ ಲೊರೇನ್ ರಂಗದ ಮೇಲೆ ಮೇಜುಬಟ್ಟೆ ಹಿಡಿದುಕೊಂಡೇ ನಿಂತಿದ್ದಳು. ಅರವತ್ತು ದಾಟಿದ ನಟಿ. ಈ ಒಂದು ದೃಶ್ಯದ ಆಸೆಗೇ ಪಾತ್ರ ಒಪ್ಪಿದ್ದಳು. "ಅದನ್ನೂ ಕಿತ್ಕೊಂಡ್ರೆ ನನಗೆ ಉಳಿಯೋದೇನು ಥಿಯಾ? ಬರೀ ಅಳೋದು!"

ನಾಟಕ ಬರೆದವನು ಇದೇ ಬಂದರು ಊರಿನವನು. ಸತ್ತು ಎಪ್ಪತ್ತು ವರ್ಷವಾದರೂ ಇಲ್ಲಿಯವರು ಅವನನ್ನು 'ನಮ್ಮ ಮುದುಕ' ಎಂದೇ ಕರೆಯುತ್ತಾರೆ, ಬೆಳಿಗ್ಗೆ ಬೀದಿ ತಿರುವಿನಲ್ಲಿ ಕಂಡಿದ್ದ ಎನ್ನುವಂತೆ. ಅಮೆರಿಕದುದ್ದಕ್ಕೂ ಅವನ ನಾಟಕ ಆಡುತ್ತಾರೆ. ನ್ಯೂಯಾರ್ಕಿನಲ್ಲಿ ಸೋತರೂ ನಡೆದೀತು, ಮುದುಕನ ಊರಿನಲ್ಲಿ ಸೋತವರನ್ನು ಆಮೇಲೆ ಯಾರೂ ಕರೆಯುವುದಿಲ್ಲ. ಥಿಯಾಗೆ ಸಿಕ್ಕಿದ್ದು ಇದೊಂದೇ ಅವಕಾಶ.

ಮೂರನೆಯ ಅಂಕದಲ್ಲಿ, ಮಗಳು ಸಮುದ್ರದ ಪಾಲಾದ ಮೇಲೆ, ಮುದುಕ ಒಂದು ಮಾತನ್ನೂ ಬರೆಯದೆ ಇಷ್ಟೇ ಸೂಚನೆ ಕೊಟ್ಟಿದ್ದ: 'ತಾಯಿ ಮೇಜುಬಟ್ಟೆ ಮಡಿಸುತ್ತಾಳೆ. ಹಿಡಿಯುವಷ್ಟು ಹೊತ್ತು ಹಿಡಿಯಲಿ.' ಈ ಎರಡು ವಾಕ್ಯದ ಅರ್ಥ ಹುಡುಕಿ ಹುಡುಕಿ ಥಿಯಾ ನಾಲ್ಕು ವಾರ ನಿದ್ದೆಗೆಟ್ಟಿದ್ದಳು. ಇದು ದೇವರ ಮೌನ ಅಂದಳು, ಅಲ್ಲ, ಸಮುದ್ರದ್ದು ಅಂದಳು. ಲೊರೇನ್ ಪಾಪ, ಕಿಟಕಿ ನೋಡಿದಳು, ಗಡಿಯಾರ ನೋಡಿದಳು, ಬಟ್ಟೆಗೆ ಮುಖ ಒತ್ತಿ ಬಿಕ್ಕಿದಳು. ಏನು ಮಾಡಿದರೂ ಥಿಯಾಳ ಕೊರಳಿನ ಸ್ಟಾಪ್‌ವಾಚಿನಲ್ಲಿ ಹತ್ತೇ ಸೆಕೆಂಡಿಗೆ ಬಟ್ಟೆ ಮಡಿಸಿ ಮುಗಿದಿರುತ್ತಿತ್ತು. ಆಮೇಲಿನದೆಲ್ಲ ಬರೀ ಎಳೆದಾಟ.

ರಂಗದ ಸಾಮಾನು ನೋಡಿಕೊಳ್ಳುವ ಬ್ರೈಡಿ ಮೂಲೆಯಲ್ಲಿ ಪಿಂಗಾಣಿ ಒರೆಸುತ್ತಿದ್ದವಳು ಫಕ್ಕನೆ ನಕ್ಕಳು.

"ನಗೋ ಹೊತ್ತಾ ಬ್ರೈಡಿ ಇದು?" ಥಿಯಾಗೆ ರೇಗಿತು.

"ನಗದೆ ಇನ್ನೇನಮ್ಮ! ಅಂಗೈಯಲ್ಲಿ ಬೆಣ್ಣೆ ಇಟ್ಕೊಂಡು ಊರೆಲ್ಲ ತುಪ್ಪಕ್ಕೆ ಅಲೆದ್ರಂತೆ. ಆ ಕರವಸ್ತ್ರ ಮಡಿಸೋಕೆ ದೇವರು, ಸಮುದ್ರ ಎಲ್ಲ ಯಾಕೆ ಬೇಕಿತ್ತು?"

"ಕರವಸ್ತ್ರ ಅಲ್ಲ ಅದು, ಮೇಜುಬಟ್ಟೆ."

"ನಾಲ್ಕು ಜನ ಕೂರೋ ಮೇಜಿಂದು! ರಂಗ ಇಕ್ಕಟ್ಟು ಅಂತ ನೀನೇ ಹಾಕಿಸಿದ್ದು. ಮುದುಕ ಬರೆದಿರೋದು ಹನ್ನೆರಡು ಜನರ ಮೇಜು. ನಮ್ಮಜ್ಜಿ ಆ ಕಾಲದ ದೊಡ್ಡ ಮನೆಗಳಲ್ಲಿ ಬಟ್ಟೆ ಒಗೀತಿದ್ಲು, ಕೇಳು. ಅಷ್ಟುದ್ದದ ಬಟ್ಟೆ ಒಬ್ಬಳ ಕೈಲಿ ಮಡಿಸೋಕೆ ಆಗಲ್ಲ. ಮೊದಲನೇ ಅಂಕದಲ್ಲಿ ಏನಂತಿದೆ, ಓದು."

ಥಿಯಾ ಪುಟ ಹಿಂದಕ್ಕೆ ತಿರುವಿದಳು. "'ತಾಯಿ ಮಗಳು ಹರಟುತ್ತ ಮೇಜು ತೆರವು ಮಾಡುತ್ತಾರೆ.' ಮಾಡಿಸಿದ್ದೀನಲ್ಲ, ತಟ್ಟೆ ಎತ್ತಿಸಿದ್ದೀನಿ."

"ಕೆಲಸದವಳಿರೋ ಮನೇಲಿ ಯಜಮಾನಿ ಯಾಕಮ್ಮ ತಟ್ಟೆ ಎತ್ತುತ್ತಾಳೆ? ತಟ್ಟೆ ಕೆಲಸದವಳ ಪಾಲು. ಬಟ್ಟೆ ಮನೆಯವರದು. ಆ ತುದಿ ತಾಯಿ, ಈ ತುದಿ ಮಗಳು."

ಥಿಯಾಳ ಪೆನ್ಸಿಲು ಅಲ್ಲೇ ನಿಂತಿತು. ಲೊರೇನ್ ಕೈಲಿದ್ದ ಬಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟಳು. "ಒಂದೇ ಒಂದು ಆಟ ಕೊಡು," ಎಂದಳು. "ಇವತ್ತು ಮಧ್ಯಾಹ್ನ. ಆಗಲಿಲ್ಲಾಂದ್ರೆ ಗೆರೆ ನಾನೇ ಎಳೀತೀನಿ."

"ಸರಿ, ಒಂದೇ ಆಟ," ಎಂದಳು ಥಿಯಾ, ಒಲ್ಲದ ಮನಸ್ಸಿನಿಂದ.

ಎರಡು ಮೇಜು ಜೋಡಿಸಿದ್ದಾಯಿತು. ಬ್ರೈಡಿ ಹಳೆಯ ಪೆಟ್ಟಿಗೆಯಿಂದ ಗಂಜಿ ಹಾಕಿದ ಬಿಳಿಯ ಬಟ್ಟೆ ತೆಗೆದು, ಮಗಳ ಪಾತ್ರದ ಹುಡುಗಿಗೆ ಮಡಿಸುವ ಕ್ರಮ ಹೇಳಿಕೊಟ್ಟಳು. ಎರಡು ಹೆಜ್ಜೆ ಮುಂದೆ, ಮೂಲೆಗೆ ಮೂಲೆ, ಬೆರಳಿಗೆ ಬೆರಳು.

ಮಧ್ಯಾಹ್ನದ ಆಟಕ್ಕೆ ಬರುವವರೆಲ್ಲ ವಯಸ್ಸಾದವರೇ. ಸಾಲುಸಾಲಿನಲ್ಲಿ ಪೆಪ್ಪರ್‌ಮಿಂಟಿನ ಕಾಗದ ಬಿಚ್ಚುವ ಸದ್ದು. ಥಿಯಾ ಹಿಂದಿನ ಗೋಡೆಗೊರಗಿ ನಿಂತಿದ್ದಳು. ಮೊದಲನೆಯ ಅಂಕದಲ್ಲಿ ತಾಯಿ ಮಗಳು ನೆರೆಮನೆಯವಳ ಟೋಪಿಯನ್ನು ಆಡಿಕೊಂಡು ನಗುತ್ತ ಬಟ್ಟೆ ಮಡಿಸಿದರು. ಅದನ್ನು ಯಾರೂ ವಿಶೇಷವಾಗಿ ಗಮನಿಸಿದಂತೆ ಕಾಣಲಿಲ್ಲ.

ಮೂರನೆಯ ಅಂಕ. ಲೊರೇನ್ ಮೇಜಿನ ಬಳಿ ಬಂದಳು. ಎರಡು ಮೂಲೆ ಹುಡುಕಿ ಹಿಡಿದು, ರೂಢಿಯಂತೆ ಎದೆಯೆತ್ತರಕ್ಕೆ ಎತ್ತಿ ಒಮ್ಮೆ ಕೊಡವಿದಳು. ಆ ತುದಿ ಹೋಗಿ ನೆಲಕ್ಕೆ ಬಿತ್ತು. ಅವಳು ಅಳಲಿಲ್ಲ, ಕಿಟಕಿ ನೋಡಲಿಲ್ಲ. ಮಗಳು ಬಂದೇ ಬರುತ್ತಾಳೆ, ಸ್ವಲ್ಪ ತಡವಾಗಿದೆ ಎನ್ನುವ ಹಾಗೆ ಮೂಲೆಗಳನ್ನು ಹಿಡಿದುಕೊಂಡು ಕಾದಳು. ಮತ್ತೆ ಎತ್ತಿ ಕೊಡವಿದಳು. ಮತ್ತೆ ಕಾದಳು.

ಪೆಪ್ಪರ್‌ಮಿಂಟಿನ ಸದ್ದು ನಿಂತಿತ್ತು. ಒಂದು ಕೆಮ್ಮಿಲ್ಲ. ಎರಡನೆಯ ಸಾಲಿನ ಅಜ್ಜಿಯೊಬ್ಬಳು ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು, ಗಂಡ ತೋಳು ಹಿಡಿದು ಕೂರಿಸಿದ. ಥಿಯಾ ಗೋಡೆಯಿಂದ ಒಂದು ಹೆಜ್ಜೆ ಮುಂದೆ ಬಂದಿದ್ದಳು. ಅಬ್ಬಾ ಮುದುಕನೇ! ಒಂದು ಬಟ್ಟೆ ಕೊಟ್ಟು ಸುಮ್ಮನೆ ಎದ್ದು ಹೋಗಿದ್ದನಲ್ಲ, ಮಿಕ್ಕಿದ್ದನ್ನು ಜನ ನೋಡಿಕೊಳ್ಳುತ್ತಾರೆಂದು. ಎಂಥ ಧೈರ್ಯ ಇವನದು, ಎಂಥ ನಂಬಿಕೆ!

"ಎಷ್ಟಾಯ್ತಮ್ಮ ಹೊತ್ತು?" ಪಕ್ಕದಲ್ಲಿ ಬ್ರೈಡಿ ಪಿಸುಗುಟ್ಟಿದಳು.

ಥಿಯಾ ಸ್ಟಾಪ್‌ವಾಚ್ ನೋಡಲು ತಲೆ ತಗ್ಗಿಸಿದಳು. ಗುಂಡಿಯನ್ನು ಒತ್ತಿಯೇ ಇರಲಿಲ್ಲ. ಅವಳ ಎರಡೂ ಕೈಗಳು ಬಟ್ಟೆಯ ಆ ತುದಿ ಹಿಡಿಯಲು ಮುಂದಕ್ಕೆ ಚಾಚಿಕೊಂಡಿದ್ದವು.