ಅರ್ಧ ಸಾಲಿನ ಹಾಡುಗಳು

ಇದು ಹಾಡೋ, ಕೇಳುವವನ ತಾಳ್ಮೆ ನೋಡುವ ಹುನ್ನಾರವೋ? ಅಥವಾ ತನಗೇ ವಯಸ್ಸಾಯಿತೋ? ಕೊನೆಯ ಸಂಶಯವನ್ನು ವಿಮರ್ಶಕ ಹೆಚ್ಚು ಹೊತ್ತು ಇಟ್ಟುಕೊಳ್ಳಲಿಲ್ಲ. ಹೆಡ್‌ಫೋನ್ ಸರಿಪಡಿಸಿಕೊಂಡು ಆಲ್ಬಂ ಅನ್ನು ಮತ್ತೆ ಮೊದಲಿನಿಂದ ಹಾಕಿದ.

ವಾದ್ಯಗಳೇ ಇಲ್ಲ. ಬರೀ ಗಂಟಲು. ನಾದಿನಿ ಗುನುಗುತ್ತಾಳೆ, ಉಸಿರೆಳೆಯುತ್ತಾಳೆ, ಲೊಚಗುಟ್ಟುತ್ತಾಳೆ, ಅರ್ಧ ಸಾಲು ಹಾಡಿ ನಿಲ್ಲುತ್ತಾಳೆ. ಆಮೇಲೆ ಮೌನ. ಇನ್ನೇನು ಎದ್ದುಹೋಗಬೇಕು ಅನ್ನುವಾಗ ಇನ್ನೊಂದು ಅರ್ಧ ಸಾಲು. ಒಂದು ಕಡೆಯಂತೂ ಆ ಮೌನದ ನಡುವೆಯೇ ಕಿಸಕ್ಕನೆ ನಗುತ್ತಾಳೆ, ಯಾರೋ ಚಟಾಕಿ ಹಾರಿಸಿದ ಹಾಗೆ. ಹಾಡಲು ಬಾರದಿರುವುದಕ್ಕೆ ಈಗ ಪ್ರಯೋಗ ಎಂಬ ಮರ್ಯಾದೆಯ ಹೆಸರಿದೆ ಎಂದು ಅಂಕಣಕ್ಕೊಂದು ವಾಕ್ಯ ಹೊಳೆಯಿತು. ಅವನಿಗೆ ಖುಷಿಯಾಯಿತು.

ಇದಕ್ಕಾಗಿ ಅವಳು ಶಾಲೆಯ ಸಂಗೀತ ಟೀಚರ್ ಕೆಲಸ ಬಿಟ್ಟಿದ್ದಳು. ಅಪ್ಪ ಹೋದ ಮೇಲೆ ಹುಡುಗಿಯ ತಲೆ ನೆಟ್ಟಗಿಲ್ಲ ಎಂದು ನೆಂಟರೆಲ್ಲ ತೀರ್ಮಾನಿಸಿ ಕೈತೊಳೆದುಕೊಂಡಿದ್ದರು. ಸಂಗೀತ ಕಂಪನಿಯ ಯಜಮಾನನಿಗೆ ಆಲ್ಬಮ್ಮಿನ ತಲೆಬುಡ ಗೊತ್ತಾಗಿರಲಿಲ್ಲ. ನಿನ್ನ ಭಾವ ಹೂಂ ಅಂದರೆ ಹೊರತರುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದಿದ್ದ. ಭಾವನ ಕಿವಿಗೆ ಅಷ್ಟು ಬೆಲೆ. ಇತ್ತೀಚೆಗೆ ಅವನು ಕಾರ್ಯಕ್ರಮಗಳಿಗೆ ಹೋಗುವುದನ್ನೇ ಬಿಟ್ಟ ಮೇಲಂತೂ ಬೆಲೆ ಇನ್ನಷ್ಟು ಏರಿತ್ತು. ಯಾರ ಹಾಡನ್ನೂ ಕೇಳಲು ಬಾರದವನ ರುಚಿ ಎಷ್ಟು ಎತ್ತರದ್ದಿರಬೇಕು ಎಂದು ಜನ ಲೆಕ್ಕ ಹಾಕಿದ್ದರು.

ಆಲ್ಬಂ ಕೊಡುವಾಗ ನಾದಿನಿ ಒಂದೇ ಮಾತು ಹೇಳಿದ್ದಳು. “ಭಾವ, ಸ್ಪೀಕರ್‌ನಲ್ಲಿ ಬೇಡ. ಹೆಡ್‌ಫೋನ್ ಹಾಕ್ಕೊಂಡೇ ಕೇಳಿ. ಅಕ್ಕನಿಗೆ ಈಗಲೇ ಕೇಳಿಸ್ಬೇಡಿ.” ಅಂಥದ್ದೇನಿದೆ ಎಂದಿದ್ದಕ್ಕೆ, ಅದನ್ನು ನೀವೇ ಹೇಳಬೇಕು ಎಂದು ನಕ್ಕಿದ್ದಳು.

ಸಂಜೆ ಬಂದಳು. ಬಾಗಿಲಲ್ಲೇ ನಿಂತು ಕರೆದಳು, ಮತ್ತೊಮ್ಮೆ ಕರೆದಳು. ಅವನು ಪೇಪರಿನಿಂದ ತಲೆಯೆತ್ತಲಿಲ್ಲ. ಭಾವನ ಗತ್ತು ಅವಳಿಗೆ ಹೊಸದಲ್ಲ. ಎದುರಿಗೆ ಬಂದು ಕೂತಳು.

“ಪೂರ್ತಿ ಕೇಳಿದ್ರಾ?”

“ಎರಡು ಸಲ. ಶಿಕ್ಷೆ ಅಂದ್ಮೇಲೆ ಸರಿಯಾಗೇ ಅನುಭವಿಸ್ಬೇಕಲ್ಲ.”

ತಮಾಷೆ ಎಂದುಕೊಂಡು ಅವಳು ನಕ್ಕಳು.

“ಅರ್ಧ ಸಾಲು ಹಾಡ್ತೀಯ, ಬಾಯಿ ಮುಚ್ಕೋತೀಯ. ಉಳಿದರ್ಧ ಯಾರು ಹಾಡ್ಬೇಕು? ನಿಮ್ಮಪ್ಪ ಎದ್ದು ಬಂದು ಹಾಡ್ತಾರಾ?”

ಅವಳ ಮುಖ ಅರಳಿತು. ಮುಂದಿನ ಮಾತಿಗೆ ಕಾದಳು.

“ಮಧ್ಯದಲ್ಲಿರೋದೆಲ್ಲ ಸೊನ್ನೆ. ಇದು ಬೇಡ ಅಂತ ಕಂಪನಿಯವರಿಗೆ ಆಗ್ಲೇ ಫೋನ್ ಮಾಡಿ ಹೇಳಿದೀನಿ.”

ಅರಳಿದ ಮುಖ ಒಂದು ಕ್ಷಣ ಹಾಗೇ ಇತ್ತು. ಆಮೇಲೆ ನಿಧಾನವಾಗಿ ಮುಚ್ಚಿಕೊಂಡಿತು.

“ಅಪ್ಪನ್ನ ಕಂಡ್ರೆ ನಿಮಗೆ ಇಷ್ಟು ತಾತ್ಸಾರ ಅಂತ ಗೊತ್ತಿರ್ಲಿಲ್ಲ ಭಾವ.”

ಕಾಫಿ ತಂದ ಅಕ್ಕನ ಮುಖವನ್ನೂ ನೋಡದೆ ಚಪ್ಪಲಿ ಮೆಟ್ಟಿ ಹೊರಟುಹೋದಳು.

ಒಂದು ತಮಾಷೆಗೆ ಇಷ್ಟು ರಂಪ. ಕಲಾವಿದರ ಮೂಗಿನ ತುದಿಯ ಸಿಟ್ಟಿನ ಬಗ್ಗೆ ಇನ್ನೊಂದು ವಾಕ್ಯ ಹೊಳೆಯಿತು. ಬರೆದಿಡಲು ವಿಮರ್ಶಕ ಒಳಗೆ ಹೋದ.

ಹೊರಗೆ ಬಂದಾಗ ಹೆಂಡತಿ ನೆಲದ ಮೇಲೆ ಕೂತಿದ್ದಳು. ತಂಗಿ ಅಂಥದ್ದೇನು ಹಾಡಿದ್ದಾಳೆ ನೋಡೋಣವೆಂದು ಹೆಡ್‌ಫೋನ್ ಹಾಕಿಕೊಂಡವಳಿಗೆ ಮೇಲೇಳಲು ಆಗಿರಲಿಲ್ಲ. ಕಣ್ಣಲ್ಲಿ ನೀರು, ಬಾಯಲ್ಲಿ ನಗು.

“ರೀ, ಅಪ್ಪ. ಗಡ್ಡ ಹೆರ್ಕೊಳ್ಳುವಾಗ ಗುನುಗ್ತಿದ್ರಲ್ಲ, ಅದು. ನನಗೆ ಬೈದಿದ್ದೂ ಇದೆ. ಹಳೇ ಟೇಪನ್ನೆಲ್ಲ ಹುಡುಕಿ ತೆಗೆದಿದಾಳೆ. ಒಂದು ಕಿವೀಲಿ ಅವಳು ಅರ್ಧ ಸಾಲು ಹಾಡ್ತಾಳೆ, ಇನ್ನೊಂದು ಕಿವೀಲಿ ಅಪ್ಪ ಮುಗಿಸ್ತಾರೆ.”

ಎಡಬಲ ನೋಡದೆ, ಅವಸರದಲ್ಲಿ ಹೆಡ್‌ಫೋನನ್ನು ತಿರುವುಮುರುವಾಗಿ ಅವನ ತಲೆಗೆ ಸಿಕ್ಕಿಸಿದಳು.

ಈಗ ಹಾಡಿನಲ್ಲಿ ನಾದಿನಿ ಇರಲಿಲ್ಲ. ತಾನು ಸೊನ್ನೆ ಎಂದಿದ್ದ ಜಾಗದಲ್ಲೆಲ್ಲ ಮಾವ ಇದ್ದರು. ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಮಗಳು ಬಿಟ್ಟ ಸಾಲನ್ನು ಮುಗಿಸುತ್ತಿದ್ದರು. ಒಂದು ಕಡೆ ಚಟಾಕಿ ಹಾರಿಸಿದರು.

ಅವನು ಹೆಡ್‌ಫೋನ್ ತೆಗೆದಿಟ್ಟ. ಹೆಂಡತಿ ಫೋನನ್ನು ಮುಂದೆ ಹಿಡಿದಿದ್ದಳು.

“ಕಂಪನಿಯವರಿಗೆ ಈಗಲೇ ಮಾಡಿ, ಹೂಂ ಅನ್ನಿ. ಅಲ್ಲ, ಇದು ನಿಮಗೆ ಹೇಗೆ ಕೇಳಿಸ್ಲಿಲ್ಲ?”

“ಕೇಳಿಸ್ತು,” ಎಂದ ವಿಮರ್ಶಕ. “ಹಿಡಿಸ್ಲಿಲ್ಲ.”

ಎಡಗಿವಿ ಪೂರ್ತಿ ಹೋಗಿ ವರ್ಷವಾಯಿತೆಂದು ಅವನು ಹೇಳಲಿಲ್ಲ.