ನಾಲ್ಕನೆಯ ಗೊಂಬೆ

“ಈ ನೀರು ಕುಡೀಬಹುದೇನವಾ?” ಎಂದು ಪರೀಕ್ಷಕಿ ಖುರ್ಷಿದ ಮೇಡಂ ಗಾಜಿನ ಪೆಟ್ಟಿಗೆಯೊಳಗೆ ಇಣುಕಿದರು.

“ಕುಡೀಬಹುದ್ರಿ,” ಎಂದಳು ಹತ್ತನೆಯ ತರಗತಿಯ ಚಂದಮ್ಮ. 1985ರ ಜೇವರ್ಗಿ ವಿಜ್ಞಾನ ಪ್ರದರ್ಶನದಲ್ಲಿ ಅವಳದು ಬಾಹ್ಯಾಕಾಶ ನಿಲ್ದಾಣ. ಒಳಗೆ ನಾಲ್ಕು ಬಟ್ಟೆ ಗೊಂಬೆ, ಉಸಿರಿಗೆಂದು ಒಂದು ಬಾಟಲಿ ಹಸಿರು ಪಾಚಿ, ಬೆವರಿನ ಬದಲಿಗೆ ಒದ್ದೆ ಬಟ್ಟೆ. ಕೆಳಗಿನ ಚಿಮಣಿ ದೀಪದ ಶಾಖಕ್ಕೆ ಎದ್ದ ಆವಿ ಮೇಲಿನ ತಣ್ಣನೆಯ ಬರ್ಫಗಡ್ಡೆಯ ತಟ್ಟೆಗೆ ತಾಗಿ, ಹನಿಹನಿಯಾಗಿ ಲೋಟಕ್ಕೆ ಬೀಳುತ್ತಿತ್ತು. “ಅಲ್ಲಿ ಬಾವಿ ಇಲ್ಲ, ನಳ ಇಲ್ರಿ ಮೇಡಂ. ನಾಲ್ಕೂ ಮಂದಿ ಬೆವರು, ಉಸಿರು ಸೇರಿ ನೀರಾಗ್ತದ. ಅದನ್ನೇ ನಾಲ್ಕೂ ಮಂದಿ ಕುಡೀತಾರ್ರಿ.”

ಪಕ್ಕದಲ್ಲಿದ್ದ ವಿಜ್ಞಾನದ ಮಾಸ್ತರ ಕಲ್ಯಾಣಪ್ಪನವರ ಎದೆ ಉಬ್ಬಿತು. ನಕ್ಷೆ ಬರೆಸಿ, ಮೂರು ತಿಂಗಳು ಕೂತು ತಿದ್ದಿಸಿದವರು ಅವರೇ.

“ಹಂಗಾದ್ರ ಮೊದಲು ಕಲಿಸಿದವ್ರು ಕುಡೀಲಿ,” ಮೇಡಂ ನಕ್ಕರು. “ಆಮ್ಯಾಲ ನಾನು.”

ಚಂದಮ್ಮ ಎರಡೂ ಕೈಯಿಂದ ಲೋಟ ಚಾಚಿದಳು. ಮಾಸ್ತರರ ಕೈ ಏಳಲಿಲ್ಲ. ಇಬ್ಬರೂ ಕೊಳಕೂರಿನವರೇ, ಆದರೆ ಅವಳದು ಊರಾಚೆಯ ಕೇರಿ. ಆ ಕೇರಿಯವರ ಕೈಯ ನೀರನ್ನು ಮಾಸ್ತರರ ಮನೆತನದಲ್ಲಿ ಯಾರೂ ಕುಡಿದವರಲ್ಲ. ಪ್ರತಿ ಬಸವ ಜಯಂತಿಗೆ ಎಲ್ಲರೂ ಒಂದೇ ಎಂದು ಭಾಷಣ ಬಿಗಿಯುತ್ತಿದ್ದುದೂ ಇದೇ ಮಾಸ್ತರರು. ಊರಿನ ಹಿರಿಯರು ಬೇರೆ ಎದುರಿಗೇ ನಿಂತಿದ್ದರು.

“ನಂದಿನ್ನೂ ಲಿಂಗಪೂಜಾ ಆಗಿಲ್ಲವಾ. ಹನಿ ನೀರೂ ಮುಟ್ಟಂಗಿಲ್ಲ,” ಎಂದುಬಿಟ್ಟರು.

ಹಣೆಯ ಮೇಲೆ ಬೆಳಗಿನ ಪೂಜೆಯ ವಿಭೂತಿ ಇನ್ನೂ ಬೆಳ್ಳಗಿತ್ತು. ಅರ್ಧ ಗಂಟೆಯ ಹಿಂದೆ ಅವರು ಎರಡು ಬಸಿ ಚಹಾ ಕುಡಿದದ್ದನ್ನು ಚಂದಮ್ಮ ನೋಡಿದ್ದಳು. ಚಾಚಿದ ಲೋಟವನ್ನು ಮೇಡಂ ಕಡೆಗೆ ತಿರುಗಿಸಿದಳು. ಖುರ್ಷಿದ ಮೇಡಂ ಮಾಸ್ತರರ ಹಣೆಯನ್ನೊಮ್ಮೆ ನೋಡಿ, ಲೋಟ ಇಸಿದುಕೊಂಡು ಒಂದೇ ಗುಟುಕಿಗೆ ಕುಡಿದರು. ‘ಜಿಲ್ಲಾ ಮಟ್ಟಕ್ಕೆ ಆಯ್ಕೆ’ ಎಂದು ಬರೆದುಕೊಂಡರು. ಜನ ಚಪ್ಪಾಳೆ ತಟ್ಟಿದರು. ಕಲ್ಯಾಣಪ್ಪನವರಿಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ನಿಂತ ನೆಲ ಬಾಯ್ಬಿಡಬಾರದೇ ಅನ್ನಿಸಿತು.

ಸಂಜೆ ಪೆಟ್ಟಿಗೆ ಕಟ್ಟಲು ತಾವಾಗಿಯೇ ಹೋದರು. ಒಳಗೆ ಮೂರೇ ಗೊಂಬೆಗಳಿದ್ದವು. ಬಿಳಿ ಟೊಪ್ಪಿಗೆ, ತಂತಿಯ ಕನ್ನಡಕ ಹಾಕಿದ್ದ ನಾಲ್ಕನೆಯದು ಹೊರಗೆ ಮೇಜಿನ ಮೇಲಿತ್ತು. ಅದು ತಾವೇ ಎಂದು ಅವರಿಗೆ ಹೊಳೆದದ್ದು ಆಗಲೇ. ಕೈ ತಾನಾಗಿ ತಲೆಯ ಟೊಪ್ಪಿಗೆಗೆ ಹೋಯಿತು.

“ಇದನ್ನ ಯಾಕ ತಗದಿಯವಾ?”

ಚಂದಮ್ಮನ ದನಿಯಲ್ಲಿ ಸಿಟ್ಟಿರಲಿಲ್ಲ. “ನೀವು ಅಲ್ಲಿ ಬದುಕಂಗಿಲ್ರಿ ಸರ್. ನೀರಡಿಸಿ ಸಾಯ್ತೀರಿ.”